ಎರಡು ಅಂಕದ ಪ್ರಶ್ನೆ

ಹಾಸಿಗೆಯ ಮೂಲೆ ನಲವತ್ತೈದು ಡಿಗ್ರಿ.
ಚಾದರದ ಮೇಲೆ ನಾಣ್ಯ ಎಸೆದರೆ ಪುಟಿಯಬೇಕು
ಎನ್ನುತ್ತಿದ್ದರು ಸಿಸ್ಟರ್ ಫಿಲೋಮಿನಾ.
ಎಸೆದೂ ಬಿಡುತ್ತಿದ್ದರು, ನಾಲ್ಕಾಣೆ.
ಪುಟಿಯದಿದ್ದರೆ ಬಿಚ್ಚು, ಮತ್ತೆ ಹಾಸು.
ಮಡಿಕೇರಿಯ ಚಳಿಗೆ ಬೆರಳು ಸೆಟೆದಿದ್ದರೆ
ಗಾಜಿನ ಸಿರಿಂಜು ಕುದಿಯುವ ನೀರಿನ ಹಬೆಗೆ
ಕೈಯೊಡ್ಡಿ, ಕಾಯಿಸಿಕೊಂಡು, ಮತ್ತೆ.

ಎಂಬತ್ತೈದನೇ ಇಸವಿ. ನನ್ನ ರೆಕಾರ್ಡ್ ಪುಸ್ತಕದಲ್ಲಿ
ಹನ್ನೊಂದು ಬಗೆಯ ಹಾಸಿಗೆಗಳಿವೆ,
ಹನ್ನೊಂದಕ್ಕೂ ಕೆಂಪು ಶಾಯಿಯ ಸಹಿ.
ಕುಡುಗೋಲು ಕಣ ರೋಗ: ಒಂದು ಟಿಪ್ಪಣಿ, ಎರಡು ಅಂಕ.
ಆಫ್ರಿಕಾದಲ್ಲಿ ಕಂಡುಬರುತ್ತದೆ, ಅಂತ ಬರೆದಿದ್ದೆ.
ಎರಡಕ್ಕೆ ಎರಡೂ ಬಂತು.

ಅದೇ ಬೆಳಿಗ್ಗೆ, ಮೂವತ್ತೇ ಕಿಲೋಮೀಟರ್ ಕೆಳಗೆ,
ಸಿದ್ದಾಪುರದ ಯಾವುದೋ ಲೈನ್ ಮನೆಯಲ್ಲಿ
ಒಬ್ಬ ಹುಡುಗ ಮೊಣಕಾಲು ತಬ್ಬಿಕೊಂಡು
ಗೋಡೆಗೆ ಹಣೆ ಆನಿಸಿದ್ದಿರಬೇಕು.
ರೈಟರು ಹಾಜರಿ ಪುಸ್ತಕದಲ್ಲಿ ಗೈರು ಬರೆದಿರಬೇಕು.
ಅವರದೂ ಕೆಂಪು ಶಾಯಿಯೇ.

ನಾನು ಪಾಠ ಮಾಡುವ ಕಡೆಗೆ ಬಂದೆ.
ಗಾಜು ಹೋಗಿ ಪ್ಲಾಸ್ಟಿಕ್ ಬಂತು, ಪಾದರಸ ಹೋಯಿತು,
ತಲೆಯ ಮೇಲಿನ ಬಿಳಿ ಟೋಪಿಯೂ ಹೋಯಿತು.
ವಿಪತ್ತು ಅಂತ ಹೊಸ ಅಧ್ಯಾಯ:
ಭೂಕಂಪ, ಬೆಂಕಿ, ವಿಮಾನಾಪಘಾತ.
ವಿಮಾನವೇ ಇಳಿಯದ ಜಿಲ್ಲೆಯಲ್ಲಿ ಬಾಯಿಪಾಠ ಮಾಡಿಸಿದೆ.
ಆ ಆಗಸ್ಟಿನಲ್ಲಿ ಗುಡ್ಡವೇ ನಡೆದು ಬಂತು.
ಗುಡ್ಡದ ಬಗ್ಗೆ ಪುಸ್ತಕದಲ್ಲಿ ಒಂದು ಸಾಲಿರಲಿಲ್ಲ.

ಕಲ್ಯಾಣ ಮಂಟಪದ ನೆಲಕ್ಕೆ ಹುಡುಗಿಯರು ಜಮಖಾನ ಹಾಸಿದರು;
ಮೂಲೆ ಯಾವ ಡಿಗ್ರಿಯೂ ಅಲ್ಲ.
ಮೂರು ದಿನ ಮಾತಾಡದ ಒಬ್ಬಾಕೆಯ ಮುಷ್ಟಿಯೊಳಗೆ
ಬೀಗದ ಕೈ. ಬಾಗಿಲು ಹೊಳೆಯ ಪಾಲು.
ನಾಡಿ ನೋಡು, ಬಿ.ಪಿ. ನೋಡು, ಎಂದೆ.
ಸಫೂರಾ ಎರಡನ್ನೂ ಬಿಟ್ಟು
ಆ ಮುಷ್ಟಿಯ ಮೇಲೆ ಕೈಯಿಟ್ಟು ಕೂತಳು, ಸಂಜೆಯ ತನಕ.
ರೆಕಾರ್ಡಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
'ಇತರೆ' ಅಂತ ಬರೆಸಿದೆ.

ಆಮೇಲೆ ಸಜಿತಾ.
ಹಾಜರಿಯಲ್ಲಿ ವೈ.ಕೆ. ಸಜಿತಾ. ವೈ ಅಂದರೆ ಯರವರ;
ಮನೆಹೆಸರಿನ ಜಾಗದಲ್ಲಿ ಜನಾಂಗವನ್ನೇ ಬರೆದು ಮುಗಿಸಿದ್ದರು
ಯಾರೋ ಮೇಷ್ಟ್ರು, ಒಂದನೇ ಕ್ಲಾಸಿನಲ್ಲಿ.
ಪ್ರಾಕ್ಟಿಕಲ್ ಪರೀಕ್ಷೆ. ಮಂಗಳೂರಿನ ಎಕ್ಸಾಮಿನರು ಕೇಳಿದರು:
ನೋವನ್ನು ಅಳೆಯುವುದು ಹೇಗೆ?
ಸೊನ್ನೆಯಿಂದ ಹತ್ತು, ಅಂದಿದ್ದರೆ ಮುಗಿಯುತ್ತಿತ್ತು.

ನನ್ನ ತಮ್ಮನಿಗೆ ಹತ್ತರ ತನಕ ಎಣಿಸಲು ಬರುವುದಿಲ್ಲ ಸಾರ್.
ನೋವು ಬಂದರೆ ನಾಯಿಯನ್ನು ಕರೆಯುವುದು ಬಿಡುತ್ತಾನೆ.
ಅದರಿಂದ ನಮಗೆ ಗೊತ್ತಾಗುತ್ತದೆ.
ಆಸ್ಪತ್ರೆಗೆ ಒಯ್ದರೆ ಮೊದಲು ಕೇಳುವುದು, ಕುಡಿದಿದ್ದಾನಾ ಅಂತ.
ಹದಿಮೂರು ವರ್ಷ ಅವನಿಗೆ.

ಎಕ್ಸಾಮಿನರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು,
ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ.
ಅಲ್ಲಿ, ಇಳಿಜಾರಿನ ಕೊನೆಯಲ್ಲಿ, ಆಫ್ರಿಕಾ
ಚೀಲ ಹಿಡಿದುಕೊಂಡು ಸಿದ್ದಾಪುರದ ಬಸ್ಸು ಹತ್ತುತ್ತಿತ್ತು.

ಪಠ್ಯ ಪರಿಷ್ಕರಣ ಸಮಿತಿಯಲ್ಲಿ ನನಗೂ ಒಂದು ಕುರ್ಚಿ ಸಿಕ್ಕಿತು.
ಗೋಡಂಬಿ, ನೀರಿನ ಬಾಟಲಿ, ಫಲಕದ ಮೇಲೆ ತಪ್ಪಾಗಿ ನನ್ನ ಹೆಸರು.
ಸಿಕಲ್ ಸೆಲ್‌ಗೆ ಎಷ್ಟು ಗಂಟೆ ಬೇಕು ಮೇಡಂ?
ನಲವತ್ತು ಅಂದೆ. ನಾಲ್ಕು ಕೊಟ್ಟರು.
ಅದನ್ನಾದರೂ ಎಲ್ಲಿಂದ ತೆಗೆಯೋಣ?
ಹಾಸಿಗೆಯಿಂದ ತೆಗೆಯಿರಿ, ಅಂದೆ.
ಸಭೆ ನಕ್ಕಿತು. ನನಗೆ ಮಾತ್ರ
ನಾಲ್ಕಾಣೆ ನೆಲಕ್ಕೆ ಬಿದ್ದ ಸದ್ದು.

ಈಗ ಗುರುವಾರ ವ್ಯಾನು ಲೈನ್ ಮನೆಗಳಿಗೆ ಹೋಗುತ್ತದೆ.
ಸ್ವಂತ ಅಜ್ಜನ ತೋಟದ ಲೈನಿನೊಳಗೆ
ಮೊದಲ ಸಲ ತಲೆ ಬಗ್ಗಿಸಿ ಹೊಕ್ಕವಳು ಚೋಂದಮ್ಮ
ಹೊರಗೆ ಬಂದು ಬಹಳ ಹೊತ್ತು ಚಪ್ಪಲಿ ಹುಡುಕಿದಳು.
ಚಪ್ಪಲಿ ಕಾಲಲ್ಲೇ ಇತ್ತು.

ಎಲ್ಲಿ ನೋಯುತ್ತಿದೆ ಎಂದು ಕೇಳುವುದನ್ನು
ಸಜಿತಾ ತನ್ನ ಮಾತಿನಲ್ಲಿ ನಮಗೆಲ್ಲ ಕಲಿಸಿದ್ದಾಳೆ.
ಇಲ್ಲಿ ಬರೆಯಲಾರೆ,
ಅದರ ಕೊನೆಯ ಉಸಿರಿಗೆ ನನ್ನ ಲಿಪಿಯಲ್ಲಿ ಅಕ್ಷರವಿಲ್ಲ.
ನಾನು ಹೇಳಿದರೆ ಲೈನಿನ ಮಕ್ಕಳು ನಗುತ್ತವೆ.
ನಗಲಿ. ಬಿಚ್ಚಿ ಮತ್ತೆ ಹಾಸಿ ಅಭ್ಯಾಸವಿದೆ ನನಗೆ.
ಮುಂದಿನ ವರ್ಷ ನಿವೃತ್ತಿ.
ಆ ಮಾತಿನ್ನೂ ನನ್ನ ನಾಲಿಗೆಯ ಮೇಲೆ
ಸರಿಯಾಗಿ ಪುಟಿಯುತ್ತಿಲ್ಲ.